ಸ್ಟೆಪ್ನಿ, ನಟ್ಟು ಮತ್ತು ಹ್ಯಾರೋ ಗುಡ್ಡ

ಹ್ಯಾರೋ-ಆನ್-ದ-ಹಿಲ್ ಸ್ಟೇಷನ್ನಿನಲ್ಲಿ ಇಳಿದು ಗುಡ್ಡದ ಕಡೆ ನಡೆದರೆ ಗ್ರೋವ್ ಹಿಲ್ ಅನ್ನೋ ರಸ್ತೆ ಸಿಗುತ್ತದೆ. ಒಳ್ಳೇ ಇಳಿಜಾರು. ಅಲ್ಲಿ ರಸ್ತೆ ಪಕ್ಕದಲ್ಲಿ ಒಂದು ಫಲಕ ಇದೆ. ನಾನು ಹ್ಯಾರೋಗೆ ಬಂದು ನಾಲ್ಕು ವರ್ಷ ಅದರ ಮುಂದೆಯೇ ಓಡಾಡಿದೆ, ಒಂದು ದಿನವೂ ನಿಂತು ಓದಿರಲಿಲ್ಲ. ಓದುವ ಹಾಗೆ ಮಾಡಿದ್ದು ಒಬ್ಬ ಗೆಳೆಯರ ಲಾರಿ. ಆ ಲಾರಿ ಕಥೆ ಆಮೇಲೆ ಹೇಳ್ತೀನಿ, ಮೊದಲು ಫಲಕದ ಕಥೆ.

1899ರ ಫೆಬ್ರವರಿ 25. ಎಡ್ವಿನ್ ಸೀವೆಲ್ ಅನ್ನೋ 31 ವರ್ಷದ ಇಂಜಿನಿಯರ್ ಒಂದು ಡೈಮ್ಲರ್ ವ್ಯಾಗನೆಟ್ ಗಾಡಿಯನ್ನು ಈ ಗುಡ್ಡದಿಂದ ಕೆಳಗೆ ಇಳಿಸುತ್ತಿದ್ದ. ಗಾಡಿಯಲ್ಲಿ ಮೇಜರ್ ಜೇಮ್ಸ್ ರಿಚರ್ ಇದ್ದರು, ವಯಸ್ಸು 63, ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್‌ನ ಒಂದು ವಿಭಾಗದ ಮುಖ್ಯಸ್ಥರು. ಅವರು ಮೋಜಿಗೆ ಸವಾರಿ ಬಂದಿರಲಿಲ್ಲ. ಕಂಪನಿಗೆ ಇಂಥ ಗಾಡಿ ಕೊಳ್ಳಬಹುದಾ ಅಂತ ನೋಡೋಕೆ ಬಂದಿದ್ದರು. ಅಂದರೆ ಅದು ವ್ಯಾಪಾರಕ್ಕೆ ಬೇಕಾದ ಗಾಡಿಯ ಡೆಮೊ. ಇಳಿಜಾರಿನಲ್ಲಿ ಹಿಂದಿನ ಚಕ್ರ ಕುಸಿಯಿತು. ಸೀವೆಲ್ ಸ್ಥಳದಲ್ಲೇ ಸತ್ತ, ರಿಚರ್ ನಾಲ್ಕು ದಿನ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಮೋಟಾರು ಗಾಡಿ ಓಡಿಸುವವನೇ ಸತ್ತ ಮೊದಲ ದಾಖಲಾದ ಅಪಘಾತ ಇದು. ಎಪ್ಪತ್ತು ವರ್ಷ ಆದ ಮೇಲೆ, 1969ರಲ್ಲಿ, ಆ ಫಲಕ ಹಾಕಿದರು. ಅದು ಶುರುವಾಗೋದೇ ಎಚ್ಚರಿಕೆಯ ಮಾತಿನಿಂದ.

ಈ ಘಟನೆಯನ್ನು ಎಲ್ಲರೂ ‘ಮೊದಲ ಕಾರು ಅಪಘಾತ’ ಅಂತ ಹೇಳಿ ಮುಗಿಸುತ್ತಾರೆ. ನನಗೆ ಕಂಡಿದ್ದು ಬೇರೆ. ಗಾಡಿ ನಿಂತಿದ್ದಾಗ ಆ ಚಕ್ರ ನೋಡಿದವರಿಗೆ ಎಲ್ಲಾ ಸರಿಯಾಗಿಯೇ ಕಂಡಿರಬೇಕು. ಚಕ್ರ ನಿಜ ಹೇಳಿದ್ದು ಇಳಿಜಾರಿನಲ್ಲಿ, ಜನ ಹತ್ತಿ ಕೂತ ಮೇಲೆ.

ಇದೇ ಮಾತನ್ನು ನನ್ನ ಸೋದರಮಾವ ಹಿರಿಯೂರಿನಲ್ಲಿ ಬೇರೆ ಥರ ಹೇಳುತ್ತಿದ್ದರು. ಅವರದ್ದು ಒಂದು ಟಾಟಾ 1210 ಲಾರಿ. 1996ರ ಬೇಸಿಗೆ ರಜೆಯಲ್ಲಿ ನನ್ನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಲೋಡ್ ಹೊಡೆದಿದ್ದರು. ಹಿರಿಯೂರು ದಾಟುವಷ್ಟರಲ್ಲಿ ಪಂಚರ್. ರಸ್ತೆಬದಿಯಲ್ಲಿ ಒಂದು ಪಂಚರ್ ಅಂಗಡಿ, ಹಳೇ ಟೈರನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಪಂಚರ್’ ಅಂತ ಬರೆದಿದ್ದೇ ಬೋರ್ಡು. ಹುಡುಗ ಜಾಕಿ ಕೊಟ್ಟು ಚಕ್ರ ಬಿಚ್ಚಿ, ಸ್ಟೆಪ್ನಿ ಹಾಕಿ, ಉದ್ದದ ಪೈಪು ತೂರಿಸಿದ ಸ್ಪ್ಯಾನರ್ ಮೇಲೆ ಹತ್ತಿ ಕುಣಿದು ನಟ್ಟು ಬಿಗಿ ಮಾಡಿದ. ಮಾವ ದುಡ್ಡು ಕೊಟ್ಟು ಹೊರಟರು. ಮೂವತ್ತು-ನಲವತ್ತು ಕಿಲೋಮೀಟರ್ ಆದ ಮೇಲೆ, ಶಿರಾ ಹತ್ತಿರ, ಟೀ ಅಂಗಡಿ ಮುಂದೆ ನಿಲ್ಲಿಸಿ ಕ್ಲೀನರ್‌ಗೆ ಹೇಳಿದರು: “ಲೋ, ನಟ್ಟು ನೋಡ್ಬಾ.” ಕ್ಲೀನರ್ ಅಂದರೆ ಡ್ರೈವರ್ ಜೊತೆ ಹೋಗುವ ಸಹಾಯಕ, ಗೊತ್ತಲ್ಲ. ಅವನು ಒಂದೊಂದು ನಟ್ಟಿಗೂ ಸ್ಪ್ಯಾನರ್ ಕೊಟ್ಟ. ಎರಡು ನಟ್ಟು ಕಾಲು ಸುತ್ತು ತಿರುಗಿದವು.

“ಆ ಹುಡ್ಗ ಸರಿಯಾಗಿ ಮಾಡ್ಲಿಲ್ವಾ ಮಾವ?” ಅಂತ ಕೇಳಿದೆ.

“ಮಾಡಿದ್ದಾನೆ ಕಣೋ. ಆದ್ರೂ ನೋಡ್ಬೇಕು. ರಿಪೇರಿ ಸರಿ ಐತೋ ಇಲ್ವೋ ಅನ್ನೋದು ಮೆಕ್ಯಾನಿಕ್ ಕಣ್ಮರೆ ಆದ್ಮೇಲೇ ಗೊತ್ತಾಗೋದು.”

ಮಾವ ಓದಿದ್ದು ಏಳನೇ ಕ್ಲಾಸು. ಹೊಸದಾಗಿ ಕೂರಿಸಿದ ಚಕ್ರ ಸ್ವಲ್ಪ ಓಡಿದ ಮೇಲೆ ಲೋಹಕ್ಕೆ ಲೋಹ ಸರಿಯಾಗಿ ಕೂತು ನಟ್ಟಿನ ಬಿಗಿ ಕಡಿಮೆ ಆಗುತ್ತದೆ, ಆದ್ದರಿಂದ ಮತ್ತೆ ಬಿಗಿ ಪರೀಕ್ಷೆ ಮಾಡಬೇಕು ಅಂತ ಬ್ರಿಟನ್ನಿನ ಸರ್ಕಾರಿ ಕೈಪಿಡಿಯಲ್ಲೂ ಇದೆ. ಅದನ್ನು ನಾನು ಓದಿದ್ದು ಮೂವತ್ತರ ಮೇಲೆ.

ಇಲ್ಲಿ ಒಂದು ಪದದ ಕಥೆ ಹೇಳಲೇಬೇಕು, ಇಲ್ಲೇ ಹುಟ್ಟಿ ಬೆಳೆದ ಓದುಗರಿಗಂತೂ ಇದು ಇಷ್ಟ ಆಗಬೇಕು. ಊರಿಗೆ ಹೋದಾಗ ಎಲ್ಲರೂ ಸ್ಪೇರ್ ಚಕ್ರಕ್ಕೆ ‘ಸ್ಟೆಪ್ನಿ’ ಅನ್ನೋದು ಕೇಳಿರುತ್ತೀರಿ. ಅದು ಕನ್ನಡವೂ ಅಲ್ಲ, ಹಿಂದಿಯೂ ಅಲ್ಲ. ವೇಲ್ಸ್‌ನ ಲನೆತ್ಲಿ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಒಂದು ಬೀದಿ. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಸ್ಪೇರ್ ಚಕ್ರವೊಂದನ್ನು ಮಾಡಿ ಮಾರಾಟಕ್ಕೆ ತಂದರು. ಅಲ್ಲಿಯವರೆಗೆ ಗಾಡಿಗಳಿಗೆ ಸ್ಪೇರ್ ಚಕ್ರವೇ ಇರಲಿಲ್ಲ. ಪಂಚರ್ ಆದರೆ ರಸ್ತೆಯಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. ಸ್ಟೆಪ್ನಿ ಅಂದರೆ ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರು ಇರುವ ಬಳೆ. ಅದನ್ನು ಕೆಟ್ಟ ಚಕ್ರದ ಪಕ್ಕಕ್ಕೇ ಕಚ್ಚಿಸಿ ಮನೆ ತಲುಪಬಹುದು. ಬ್ರಿಟನ್ನಿನಲ್ಲಿ ಆ ಪದ ಯಾವತ್ತೋ ಮರೆತುಹೋಯಿತು. ಹಿರಿಯೂರಿನ ಪಂಚರ್ ಅಂಗಡಿಯಲ್ಲಿ ಇನ್ನೂ ಓಡುತ್ತಿದೆ.

ಸರಿ, ಈಗ ಲಾರಿ ಕಥೆ.

ನನ್ನ ಗೆಳೆಯರು ಸಕಲೇಶಪುರದ ಕಡೆಯವರು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು, ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಹ್ಯಾರೋದಲ್ಲಿ ಮನೆ. ಏಳೂವರೆ ಟನ್ನಿನ ಒಂದೇ ಒಂದು ಲಾರಿ, ಅವರೇ ಮಾಲೀಕರು, ಅವರೇ ಡ್ರೈವರ್. ಲಂಡನ್ನಿನಿಂದ ಲೆಸ್ಟರ್‌ನ ಭಾರತೀಯ ಅಂಗಡಿಗಳಿಗೆ ತರಕಾರಿ, ಸೊಪ್ಪು, ದಿನಸಿ ಸಾಗಿಸುತ್ತಾರೆ. ನಿಮ್ಮಲ್ಲಿ ಲೆಸ್ಟರ್‌ನ ಮೆಲ್ಟನ್ ರೋಡಿನಲ್ಲಿ ಕರಿಬೇವು ಕೊಂಡವರು ಇದ್ದರೆ, ಅದು ಅಣ್ಣನ ಲಾರಿಯಲ್ಲಿ ಬಂದಿದ್ದೂ ಆಗಿರಬಹುದು.

ನವೆಂಬರ್ ತಿಂಗಳ ಒಂದು ಗುರುವಾರ ಸಂಜೆ, ಮಳೆ. ಡನ್‌ಸ್ಟಬಲ್ ಹತ್ತಿರ ಎಡಗಡೆ ಹಿಂದಿನ ಟೈರು ಒಡೆಯಿತು. ಹೇಗೋ ಗಾಡಿಯನ್ನು ರಸ್ತೆಬದಿಯ ತಂಗುಜಾಗಕ್ಕೆ ತಂದು ನಿಲ್ಲಿಸಿದರು. ಸಂಜೆ 6:52. ಈ ಸಮಯ ನನಗೆ ಹೇಗೆ ಗೊತ್ತು ಅಂದರೆ ಲಾರಿಯ ಟ್ಯಾಕೋಗ್ರಾಫ್‌ನಿಂದ. ಗಾಡಿ ಯಾವಾಗ ಓಡಿತು, ಯಾವಾಗ ನಿಂತಿತು ಅಂತ ಬರೆದಿಡುವ ಪೆಟ್ಟಿಗೆ ಅದು. ಅವರು ವರ್ಷವರ್ಷ ದುಡ್ಡು ಕಟ್ಟುವ ರಿಪೇರಿ ಕಂಪನಿಗೆ ಫೋನ್ ಮಾಡಿದರು. “ತೊಂಬತ್ತು ನಿಮಿಷ” ಅಂದರು. ಎಂಟೂವರೆಗೆ ಮತ್ತೆ ಫೋನ್ ಮಾಡಿದರೆ “ಹೊರಟಿದ್ದಾರೆ.” ಹತ್ತಕ್ಕೆ ಮಾಡಿದರೆ ಸಂಗೀತ. ವ್ಯಾನು ಬಂದಿದ್ದು 11:05ಕ್ಕೆ.

ಬಂದವನು ಇಪ್ಪತ್ತೈದರ ಹುಡುಗ, ಬೆಳಗ್ಗೆಯಿಂದ ಡ್ಯೂಟಿಯಲ್ಲಿ ಇದ್ದೀನಿ ಅಂದನಂತೆ. ಹೊಸ ಟೈರು ಹಾಕಿ, ಗಾಳಿ ಗನ್ನಿನಲ್ಲಿ ನಟ್ಟುಗಳನ್ನು ಗರ್ರ್ ಅನ್ನಿಸಿ ಕೂರಿಸಿದ. ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರ್ ಹೊರಗೆ ಬರಲೇ ಇಲ್ಲ. ಲಾರಿ ಚಕ್ರಗಳ ನಟ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ ಬಾಣಗಳು ಇರೋದನ್ನು ಮೋಟರ್‌ವೇಯಲ್ಲಿ ನೀವೂ ನೋಡಿರುತ್ತೀರಿ. ನಟ್ಟು ತಿರುಗಿದರೆ ಬಾಣ ಸಾಲು ತಪ್ಪುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಆ ಬಾಣಗಳನ್ನು ಮತ್ತೆ ಹಾಕಲಿಲ್ಲ, ಒಂದು ಕವರಿನಲ್ಲಿ ಹಾಕಿ ಕ್ಯಾಬಿನ್ನಿಗೆ ಎಸೆದ. ಟ್ಯಾಬ್ಲೆಟ್ ಮುಂದೆ ಹಿಡಿದ, ಅಣ್ಣ ಮಳೆಯಲ್ಲಿ ಬೆರಳಿನಿಂದ ಸಹಿ ಗೀಚಿದರು. ಬಿಲ್ಲು 412 ಪೌಂಡು, ಅದರಲ್ಲಿ ‘ಹೊತ್ತಲ್ಲದ ಹೊತ್ತಿನ’ ಹೆಚ್ಚುವರಿ ಚಾರ್ಜೂ ಸೇರಿತ್ತು. ಹೊತ್ತಲ್ಲದ ಹೊತ್ತು ಮಾಡಿದ್ದು ಯಾರು ಅಂತ ಕೇಳಬಾರದು.

ಅಣ್ಣ ಲೆಸ್ಟರ್ ತಲುಪುವಾಗ ರಾತ್ರಿ ಒಂದು ದಾಟಿತ್ತು. ಅಂಗಡಿಗಳು ಮುಚ್ಚಿದ್ದವು, ಕ್ಯಾಬಿನ್ನಿನಲ್ಲೇ ಮಲಗಿದರು. ಬೆಳಗ್ಗೆ ಹೊರಡುವ ಮೊದಲು ಗಾಡಿ ಸುತ್ತ ಒಂದು ಸುತ್ತು ನೋಡೋದು ಇಲ್ಲಿ ಪ್ರತಿ ಲಾರಿ ಡ್ರೈವರಿನ ಕರ್ತವ್ಯ. ಟಾರ್ಚು ಬಿಟ್ಟಾಗ ಆ ಚಕ್ರದಲ್ಲಿ ನಟ್ಟುಗಳ ಸುತ್ತ ಲೋಹ ತಿಕ್ಕಿ ಬೆಳ್ಳಗೆ ಮಿಂಚುತ್ತಿತ್ತು. ಮುಟ್ಟಿದರು. ನಟ್ಟು ಬೆರಳಲ್ಲೇ ತಿರುಗಿತು.

“ನೂರು ಕಿಲೋಮೀಟರ್ ಬಂದಿದ್ದೀನಿ ಮಾರಾಯ, ಅದೇ ಚಕ್ರದ ಮೇಲೆ,” ಅಂತ ಫೋನಿನಲ್ಲಿ ಹೇಳುವಾಗ ಅವರ ದನಿ ಬೇರೆಯಾಗಿತ್ತು. ಲಾರಿಯ ಚಕ್ರ ಓಡುವಾಗ ಕಳಚಿಕೊಂಡರೆ ಅದು ಗಾಡಿ ಬಿಟ್ಟು ತನ್ನ ಪಾಡಿಗೆ ಮುಂದೆ ಓಡುತ್ತದೆ. ಎದುರಿನ ಕಾರಿಗೋ, ಬಸ್ ಸ್ಟಾಪಿನಲ್ಲಿ ನಿಂತವರಿಗೋ ಹೋಗಿ ಬಡಿಯುತ್ತದೆ.

ನಾನು ಡೇಟಾ ಸೈಂಟಿಸ್ಟ್. ಒಂದು ಉದಾಹರಣೆ ಹಿಡಿದು ತೀರ್ಮಾನ ಮಾಡಬೇಡಿ ಅಂತ ದಿನವಿಡೀ ಬೇರೆಯವರಿಗೆ ಹೇಳುವುದೇ ನನ್ನ ಕೆಲಸ. ಈ ಪ್ರಬಂಧ ಪೂರ್ತಿ ಒಂದು ಲಾರಿಯ ಮೇಲೆ ನಿಂತಿದೆ, ಕ್ಷಮಿಸಿ. ಆದರೆ ಅಣ್ಣ ಕೇಳಿದ ಪ್ರಶ್ನೆ ಒಂದು ಲಾರಿಗಿಂತ ದೊಡ್ಡದು: “ಇದಕ್ಕೆ ಯಾರು ಜವಾಬ್ದಾರಿ?” ಉತ್ತರ ಹುಡುಕುತ್ತಾ ಹೋದರೆ ಅದು ಎಲ್ಲಿಗೆ ಹೋಗಿ ಮುಟ್ಟಿತು ಗೊತ್ತಾ? ಹದಿನಾಲ್ಕನೇ ಶತಮಾನಕ್ಕೆ, ಕುದುರೆಯ ಲಾಳಕ್ಕೆ.

ಆ ಕಾಲದ ಸರಕು ಸಾಗಣೆ ಅಂದರೆ ಕುದುರೆ. ರಸ್ತೆಬದಿ ರಿಪೇರಿ ಅಂದರೆ ಕಮ್ಮಾರ, ಲಾಳ ಹೊಡೆಯುವವನು. ಲಾಳದ ಮೊಳೆ ಸ್ವಲ್ಪ ಓರೆಯಾಗಿ ಗೊರಸಿನೊಳಗಿನ ಜೀವಂತ ಮಾಂಸಕ್ಕೆ ಇಳಿದರೂ ಆ ಹೊತ್ತಿಗೆ ಏನೂ ಗೊತ್ತಾಗದೆ ಹೋಗಬಹುದು. ಕುದುರೆ ನಡೆಯುತ್ತದೆ, ನೀವು ದುಡ್ಡು ಕೊಟ್ಟು ಹೋಗುತ್ತೀರಿ, ಮುಂದಿನ ಊರಿನಲ್ಲಿ ಕುದುರೆ ಕುಂಟುತ್ತದೆ. ಇಂಗ್ಲೆಂಡಿನ ರಾಜನ ನ್ಯಾಯಾಲಯಗಳ ಮುಂದೆ ಆಗ ಇದ್ದ ತೊಡಕು ಏನೆಂದರೆ, ಕಮ್ಮಾರ ನಿಮ್ಮ ಕುದುರೆಗೆ ಹೊಡೆದಿಲ್ಲ, ಕದ್ದಿಲ್ಲ. ನೀವೇ ಕರೆದು ಕೆಲಸ ಕೊಟ್ಟಿದ್ದು. ಕೆಲಸ ಕೆಟ್ಟಿತು ಅಂತ ಹೇಗೆ ದಾವೆ ಹಾಕೋದು? 1348ರಲ್ಲಿ ಹಂಬರ್ ನದಿಯ ಒಬ್ಬ ದೋಣಿಯವನ ಮೇಲೆ ಇಂಥದ್ದೇ ದೂರು ಬಂತು. ದೋಣಿಗೆ ಮಿತಿಮೀರಿ ಹೊರೆ ಹೇರಿದ್ದರಿಂದ ಹೆಣ್ಣು ಕುದುರೆ ಮುಳುಗಿ ಸತ್ತಿತು ಅಂತ. ದಾವೆ ನಿಂತಿತು. 1372ರಲ್ಲಿ ಕುದುರೆಯನ್ನು ಕುಂಟು ಮಾಡಿದ ಲಾಳಗಾರನ ಮೇಲೂ ಒಂದು ಪ್ರಕರಣ ನಡೆಯಿತು. 1534ರಲ್ಲಿ ಆಂಥೊನಿ ಫಿಟ್ಸ್‌ಹರ್ಬರ್ಟ್ ಅನ್ನೋ ನ್ಯಾಯಾಧೀಶರು ತಮ್ಮ ಕಾನೂನು ಪುಸ್ತಕದಲ್ಲಿ ಇದನ್ನು ನಿಯಮದ ರೂಪದಲ್ಲೇ ಬರೆದಿಟ್ಟರು. ಚೆನ್ನಾಗಿ ಮಾಡಿಕೊಡ್ತೀನಿ ಅಂತ ಕಮ್ಮಾರ ಬಾಯಿಬಿಟ್ಟು ಭರವಸೆ ಕೊಡದಿದ್ದರೂ ಪರವಾಗಿಲ್ಲ. ಕಸುಬು ಮಾಡುವವನು ಅದನ್ನು ಸರಿಯಾಗಿ ಮಾಡಬೇಕಾದ್ದು ಅವನ ಕರ್ತವ್ಯವೇ, ಆದ್ದರಿಂದ ಮೊಳೆ ತಪ್ಪಿದರೆ ಅವನ ಮೇಲೆ ದಾವೆ ನಡೆಯುತ್ತದೆ.

ನನಗೆ ಇದು ಇಡೀ ಚರಿತ್ರೆಯಲ್ಲೇ ಅತಿ ಮುಖ್ಯ ತಿರುವು ಅನ್ನಿಸುತ್ತದೆ. ಕಾರಣ ಸರಳ. ರಸ್ತೆಯಲ್ಲಿ ನಿಂತವನಿಗೆ ಚೌಕಾಸಿ ಮಾಡುವ ಶಕ್ತಿ ಇಲ್ಲ. ಭರವಸೆ ಬರೆಸಿಕೊಳ್ಳುವ ಪುರುಸೊತ್ತೂ ಇಲ್ಲ. ಸಿಕ್ಕಿದವನ ಕೈಗೆ ಗಾಡಿ ಕೊಡಬೇಕು.

ಮುಂದಿನ ಕೆಲವು ಶತಮಾನ ಹಾರಿಬಿಡೋಣ. ಮೋಟಾರು ಬಂದ ಮೇಲೆ ರಸ್ತೆಬದಿಯ ಸಹಾಯ ಹುಟ್ಟಿದ್ದು ಕಮ್ಮಾರನ ಅಂಗಡಿಯಿಂದಲ್ಲ, ಕ್ಲಬ್ಬುಗಳಿಂದ. 1897ರಲ್ಲಿ ಮುಂದೆ ಆರ್‌ಎಸಿ ಆದ ಕ್ಲಬ್ಬು, 1905ರಲ್ಲಿ ಎಎ. ಎಎ ಶುರುವಾಗಿದ್ದು ಟೈರು ಬದಲಿಸೋಕೆ ಅಲ್ಲ, ಪೊಲೀಸರು ವೇಗ ಹಿಡಿಯಲು ಎಲ್ಲಿ ಅಡಗಿ ಕೂತಿದ್ದಾರೆ ಅಂತ ಸದಸ್ಯರಿಗೆ ತಿಳಿಸೋಕೆ! ಸೈಕಲ್ ಮೇಲೆ ಇರುತ್ತಿದ್ದ ಎಎ ಕಾವಲುಗಾರರು ಸದಸ್ಯರ ಕಾರಿಗೆ ಸಲ್ಯೂಟ್ ಹೊಡೆಯುತ್ತಿದ್ದರು. ಹೀಗೆ ಬಾಯಲ್ಲಿ ಎಚ್ಚರಿಸೋದು ಅಪರಾಧ ಅಂತ ನ್ಯಾಯಾಲಯ ಹೇಳಿದ ಮೇಲೆ ಹೊಸ ಉಪಾಯ ಬಂತು. ಸಲ್ಯೂಟ್ ಹೊಡೆಯದೇ ಇದ್ದರೆ ಕಾರು ನಿಲ್ಲಿಸಿ ಯಾಕೆ ಅಂತ ಕೇಳಿ. ಸಲ್ಯೂಟ್ ಹೊಡೆಯದ್ದಕ್ಕೆ ಯಾರನ್ನೂ ಜೈಲಿಗೆ ಹಾಕೋಕೆ ಆಗಲ್ಲವಲ್ಲ! ತಮಾಷೆ ಹಾಗಿರಲಿ, ಇವು ಮೂಲದಲ್ಲಿ ಕಾರು ಇಟ್ಟುಕೊಳ್ಳುವಷ್ಟು ಸ್ಥಿತಿವಂತರ ಕ್ಲಬ್ಬುಗಳು. ಅಲ್ಲಿ ರಿಪೇರಿಯವನಿಗೂ ಸದಸ್ಯನಿಗೂ ಒಂದು ನಂಟು ಇತ್ತು. ಸಲ್ಯೂಟ್ ಅದರ ಗುರುತು.

1959ರ ನವೆಂಬರ್ 2ರಂದು M1 ತೆರೆಯಿತು. ನಮ್ಮ ಹ್ಯಾರೋದಿಂದ ಹೆಚ್ಚು ದೂರವಿಲ್ಲ, ವಾಟ್‌ಫರ್ಡ್ ಕಡೆಯಿಂದ ಶುರು. ಹಳೇ ಕಾರುಗಳನ್ನು ಜನ ಒಂದೇ ಸಮನೆ ವೇಗವಾಗಿ ಓಡಿಸಿದರು, ಇಂಜಿನ್ ಕಾದು ಸಾಲುಸಾಲಾಗಿ ನಿಂತವು. ಮರುವರ್ಷವೇ, 1960ರಲ್ಲಿ, ಹತ್ತು ವರ್ಷ ದಾಟಿದ ಕಾರುಗಳಿಗೆ ಎಂಒಟಿ ಪರೀಕ್ಷೆ ಬಂತು. 1968ರಲ್ಲಿ ಭಾರೀ ಲಾರಿಗಳಿಗೂ ವಾರ್ಷಿಕ ಪರೀಕ್ಷೆ ಶುರುವಾಯಿತು, ಅದೇ ವರ್ಷದ ಸಾರಿಗೆ ಕಾಯ್ದೆ ‘ಆಪರೇಟರ್ ಲೈಸೆನ್ಸ್’ ಪದ್ಧತಿಯನ್ನು ತಂದಿತು. ನಮ್ಮೂರಿನಲ್ಲಿ ‘ಎಫ್‌ಸಿ ಮಾಡಿಸೋದು’ ಅಂತೀವಲ್ಲ, ವಾರ್ಷಿಕ ಪರೀಕ್ಷೆ ಅದರಂತೆ. ಆದರೆ ಆಪರೇಟರ್ ಲೈಸೆನ್ಸ್ ಬೇರೆ ಬಗೆಯದ್ದು. ಮೂರೂವರೆ ಟನ್ ಮೀರಿದ ಗಾಡಿಯಲ್ಲಿ ವ್ಯಾಪಾರದ ಸರಕು ಸಾಗಿಸುವವನು ವರ್ಷದ 365 ದಿನವೂ ಗಾಡಿ ಸುಸ್ಥಿತಿಯಲ್ಲಿ ಇಡುತ್ತೇನೆ ಅಂತ ಮಾತು ಕೊಡಬೇಕು, ರಿಪೇರಿಯ ದಾಖಲೆ 15 ತಿಂಗಳು ಇಟ್ಟುಕೊಳ್ಳಬೇಕು. ರಿಪೇರಿ ಬೇರೆಯವರಿಂದ ಮಾಡಿಸಿದರೂ ಹೊಣೆ ಅವನದೇ.

ಅಂದರೆ ಅಣ್ಣನ ಪ್ರಶ್ನೆಗೆ ಮೊದಲ ಉತ್ತರ: “ನೀವೇ, ಅಣ್ಣ.” ಆ ಚಕ್ರ ದಾರಿಯಲ್ಲಿ ಕಳಚಿದ್ದರೆ ಪೊಲೀಸರು ಮೊದಲು ಕೇಳುತ್ತಿದ್ದದ್ದು ಆ ಹುಡುಗನನ್ನಲ್ಲ. ಇದನ್ನು ಹೇಳಿದಾಗ ಅವರು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, “ಊರಲ್ಲೇ ಚೆನ್ನಾಗಿತ್ತು ಬಿಡು” ಅಂದರು.

ಚೆನ್ನಾಗಿತ್ತಾ? ಈ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಊರಿನ ಪಂಚರ್ ಅಂಗಡಿಯವನಿಗೆ ಮಾವನ ಲಾರಿ ಮುಂದಿನ ವಾರ ಮತ್ತೆ ಅದೇ ದಾರಿಯಲ್ಲಿ ಬರುತ್ತದೆ ಅಂತ ಗೊತ್ತಿತ್ತು, ಅದೇ ಗ್ಯಾರಂಟಿ. ಆದರೆ ಗುರುತಿಲ್ಲದ ಊರಿನಲ್ಲಿ, ರಾತ್ರಿ, ಬೇರೆ ರಾಜ್ಯದ ನಂಬರ್ ಪ್ಲೇಟಿನ ಗಾಡಿ ನಿಂತರೆ ಏನಾಗುತ್ತದೆ ಅನ್ನೋದನ್ನು ಯಾವ ಡ್ರೈವರ್ ಬೇಕಾದರೂ ಹೇಳುತ್ತಾನೆ. ಒಂದು ವಿಷಯದಲ್ಲಿ ಮಾತ್ರ ಅಲ್ಲಿನ ಕಾನೂನು ಮೇಲು. 1995ರಲ್ಲಿ ಭಾರತದ ಸುಪ್ರೀಂ ಕೋರ್ಟು ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಹೊಟ್ಟೆಪಾಡಿಗಾಗಿ ತಾನೇ ಓಡಿಸಲು ಲಾರಿ ಕೊಂಡವನೂ ‘ಗ್ರಾಹಕ’ನೇ ಅಂತ ಉದಾಹರಣೆ ಕೊಟ್ಟು ಹೇಳಿತು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಕಣ್ಣಿಗೆ ಅಣ್ಣ ಗ್ರಾಹಕ ಅಲ್ಲ, ವ್ಯಾಪಾರಿ. ಒಂದೇ ಲಾರಿ ಇರುವ ಅಣ್ಣನೂ, ಸಾವಿರ ಲಾರಿ ಇರುವ ಕಂಪನಿಯೂ ಅದಕ್ಕೆ ಒಂದೇ.

ಹಾಗಂತ ದಾರಿ ಮುಚ್ಚಿಲ್ಲ. ಆ ಹಳೇ ಕಮ್ಮಾರ ಇಲ್ಲಿ ಮತ್ತೆ ಬರುತ್ತಾನೆ. 1982ರ ಸರಕು ಮತ್ತು ಸೇವೆಗಳ ಪೂರೈಕೆ ಕಾಯ್ದೆ ವ್ಯಾಪಾರಿ-ವ್ಯಾಪಾರಿ ನಡುವಿನ ಕೆಲಸಕ್ಕೂ ಅನ್ವಯಿಸುತ್ತದೆ. 13ನೇ ಸೆಕ್ಷನ್: ಸೇವೆಯನ್ನು ತಕ್ಕ ಎಚ್ಚರ ಮತ್ತು ಕೌಶಲದಿಂದ ಮಾಡಬೇಕು. 14: ಸಮಯ ಗೊತ್ತುಮಾಡಿರದಿದ್ದರೆ ತಕ್ಕ ಸಮಯದಲ್ಲಿ ಮಾಡಬೇಕು. 15: ಬೆಲೆ ಗೊತ್ತುಮಾಡಿರದಿದ್ದರೆ ತಕ್ಕ ಬೆಲೆಯಷ್ಟೇ ಕೊಡಬೇಕಾದ್ದು. ಒಪ್ಪಂದದಲ್ಲಿ ಇದನ್ನೆಲ್ಲ ಬರೆದಿರಬೇಕಾಗಿಲ್ಲ, ಬರೆದಿದೆ ಅಂತಲೇ ಕಾನೂನು ಭಾವಿಸುತ್ತದೆ. ಫಿಟ್ಸ್‌ಹರ್ಬರ್ಟ್ ಹೇಳಿದ್ದೂ ಅದೇ ತಾನೇ?

ಶನಿವಾರ ಮಧ್ಯಾಹ್ನ ಅಣ್ಣನ ಅಡುಗೆಮನೆಯಲ್ಲಿ ಕೂತೆವು. ಅತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿದೆ. ಟ್ಯಾಕೋಗ್ರಾಫಿನ ಸಮಯ ಒಂದು ಸಾಲು, ಫೋನ್ ಕರೆಗಳು ಒಂದು ಸಾಲು, ಬಿಲ್ಲು, ಅಣ್ಣ ಬೆಳಗ್ಗೆ ತೆಗೆದ ಫೋಟೋಗಳು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಲೆಸ್ಟರ್‌ನ ಗ್ಯಾರೇಜಿನವನು ಬರೆದುಕೊಟ್ಟ ಒಂದು ಹಾಳೆ: ಎಷ್ಟು ನಟ್ಟು ಸಡಿಲ ಇದ್ದವು, ಎಷ್ಟು ಬೋಲ್ಟ್ ಹಾಳಾಗಿ ಬದಲಿಸಬೇಕಾಯಿತು, ಆಗ ಕಿಲೋಮೀಟರ್ ಮೀಟರ್ ಎಷ್ಟು ತೋರಿಸುತ್ತಿತ್ತು. ಅಣ್ಣ ಬೆಳಗ್ಗೆ ಸಿಟ್ಟಿನಲ್ಲಿ ತಾವೇ ನಟ್ಟು ಬಿಗಿ ಮಾಡಿ ಹೊರಟುಬಿಟ್ಟಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನಿಮಗೆ ಯಾವತ್ತಾದರೂ ಹೀಗಾದರೆ ಇದೊಂದು ನೆನಪಿರಲಿ: ಮುಟ್ಟುವ ಮೊದಲು ಫೋಟೋ, ಸರಿಮಾಡುವವನು ಕೆಟ್ಟವನಲ್ಲದ ಇನ್ನೊಬ್ಬ, ಅವನ ಕೈಬರಹ.

ಪತ್ರದಲ್ಲಿ ಬೈಗುಳ ಬೇಡ ಅಂದೆ. ಅಣ್ಣ ಎರಡು ವಾಕ್ಯ ಬೈದೇ ಬರೆದಿದ್ದರು, ಅಳಿಸಿದೆವು. ಹದಿನಾಲ್ಕು ದಿನದ ಗಡುವು ಕೊಟ್ಟು, ಇಲ್ಲದಿದ್ದರೆ ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗುತ್ತೇವೆ ಅಂತ ಬರೆದೆವು. ಇಂಗ್ಲೆಂಡಿನಲ್ಲಿ 10,000 ಪೌಂಡಿನವರೆಗಿನ ಇಂಥ ದಾವೆಯನ್ನು ವಕೀಲರಿಲ್ಲದೆ ನಡೆಸಬಹುದು.

ಕಂಪನಿಯ ಮೊದಲ ಉತ್ತರ ಒಂದು ಪಿಡಿಎಫ್. ಆ ರಾತ್ರಿ ಟ್ಯಾಬ್ಲೆಟ್ಟಿನಲ್ಲಿ ತುಂಬಿದ ಫಾರಂ. ‘ಟಾರ್ಕ್ ಸ್ಪ್ಯಾನರಿನಿಂದ ಬಿಗಿ ಮಾಡಿದೆ’ ಎಂಬಲ್ಲಿ ಟಿಕ್. ‘ಸ್ವಲ್ಪ ದೂರ ಹೋದ ಮೇಲೆ ಮತ್ತೆ ಪರೀಕ್ಷಿಸುವಂತೆ ಡ್ರೈವರಿಗೆ ತಿಳಿಸಿದೆ’ ಎಂಬಲ್ಲಿ ಟಿಕ್. ಕೆಳಗೆ ಅಣ್ಣನ ಸಹಿ, ಮಳೆಹನಿಗೆ ಸೊಟ್ಟಗಾದದ್ದು. ಅಣ್ಣ ಅದನ್ನು ನೋಡಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಶಿರಾದ ಟೀ ಅಂಗಡಿ ಮುಂದೆ ಮಾವ ಹೇಳಿದ ಒಂದು ವಾಕ್ಯ, ಇಲ್ಲಿ ಯಾರೂ ಯಾರಿಗೂ ಹೇಳದೆಯೇ ಫಾರಮ್ಮಿನಲ್ಲಿ ಹೇಳಿದಂತೆ ದಾಖಲಾಗಿತ್ತು. ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹದಿನಾಲ್ಕು-ಹದಿನೈದು ಗಂಟೆ ಕೆಲಸ ಮಾಡಿದ ಮೇಲೆ, ಮುಂದಿನ ಕರೆ ಕಾಯುತ್ತಿರುವಾಗ, ಎಲ್ಲಾ ಚೌಕಕ್ಕೂ ಟಿಕ್ ಹಾಕದೆ ಫಾರಂ ಮುಚ್ಚಲು ಬಿಡದ ಆ ಆ್ಯಪ್ ಮಾಡಿದವರು ನನ್ನಂಥವರೇ.

ನಾವು ಬಿಡಲಿಲ್ಲ. ಬರೀ ಗಾಳಿ ಗನ್ ಇದ್ದ ವ್ಯಾನಿನ ಹಿಂಬದಿಯ ಒಂದು ಫೋಟೋ ಅಣ್ಣನ ಫೋನಿನಲ್ಲಿ ಸಿಕ್ಕಿತು, ಮಗಳಿಗೆ ‘ಇನ್ನೂ ಇಲ್ಲೇ ಇದ್ದೀನಿ’ ಅಂತ ಕಳಿಸಲು ತೆಗೆದದ್ದು. ಅದನ್ನೂ ಸೇರಿಸಿ ಎರಡನೇ ಪತ್ರ ಹಾಕಿದೆವು. ಮೂರು ವಾರ ಆದ ಮೇಲೆ ಉತ್ತರ ಬಂತು. ತಪ್ಪು ಒಪ್ಪಿಕೊಳ್ಳದೆ, ‘ಸೌಹಾರ್ದದ ದೃಷ್ಟಿಯಿಂದ’ ಹೆಚ್ಚುವರಿ ಚಾರ್ಜು ಪೂರ್ತಿ, ಉಳಿದ ಬಿಲ್ಲಿನ ಅರ್ಧ, ಬೋಲ್ಟ್ ಬದಲಿಸಿದ ಖರ್ಚು ಕೊಡುತ್ತೇವೆ ಅಂದರು. ಕೋರ್ಟಿಗೆ ಹೋಗೋಣ ಅಂತ ನಾನು ಅಂದೆ. ಒಂದು ದಿನ ಕೋರ್ಟಿನಲ್ಲಿ ಕೂತರೆ ಒಂದು ದಿನ ಲಾರಿ ನಿಲ್ಲುತ್ತದೆ ಅಂತ ಅಣ್ಣ ಅಂದರು. ಒಪ್ಪಿಕೊಂಡರು.

ಆ ಶುಕ್ರವಾರ ಒಬ್ಬ ಅಂಗಡಿಯವರು ಬಾಡಿಹೋದ ಕೊತ್ತಂಬರಿ, ಮೆಂತ್ಯ ಸೊಪ್ಪನ್ನು ಬೇಡ ಅಂತ ವಾಪಸ್ ಕಳಿಸಿದ್ದರು, ಹನ್ನೊಂದು ಕ್ರೇಟು. ಸರಕಿನ ನಷ್ಟಕ್ಕೆ ನಾವು ಹೊಣೆ ಅಲ್ಲ ಅಂತ ಕಂಪನಿಯ ಷರತ್ತಿನಲ್ಲಿ ಇತ್ತು. ಅಂಥ ಷರತ್ತು ನ್ಯಾಯವಾದದ್ದಾ ಅಂತ 1977ರ ಕಾಯ್ದೆಯೊಂದರ ಅಡಿಯಲ್ಲಿ ಪ್ರಶ್ನೆ ಮಾಡಬಹುದಿತ್ತು. ಆದರೆ ಸೊಪ್ಪು ವಾಪಸ್ ಕಳಿಸಿದ್ದಕ್ಕೆ ಅಂಗಡಿಯವರಿಂದ ಅಣ್ಣ ಚೀಟಿ ಬರೆಸಿಕೊಂಡಿರಲಿಲ್ಲ. “ಹತ್ತು ವರ್ಷದ ಗಿರಾಕಿ, ಅವರ ಹತ್ರ ಹೇಗೆ ಚೀಟಿ ಕೇಳೋದು ಮಾರಾಯ?” ಅಂದರು. ಕೊತ್ತಂಬರಿ ದುಡ್ಡು ಬರಲಿಲ್ಲ. ಆ ವಾರ ಹ್ಯಾರೋದ ನಾಲ್ಕೈದು ಕನ್ನಡ ಮನೆಗಳಲ್ಲಿ ದಿನಾ ಮೆಂತ್ಯದ ಪಲ್ಯ.